ಹಳೆ ಹೋಂಡಾ ಸಿಟಿ ವಿಟೆಕ್‌ಗೆ ಬಿಡಿಭಾಗ ಹುಡುಕುವುದು ಹೇಗೆ: ಶಿವಾಜಿನಗರದ ಗುಜರಿಯಿಂದ ಜಪಾನಿನ ಹರಾಜಿನವರೆಗೆ

ನನ್ನ ಹತ್ತಿರ ಇರುವುದು 2001ರ ಹೋಂಡಾ ಸಿಟಿ 1.5 ವಿಟೆಕ್. ವಿಟೆಕ್ ಅಂದರೆ ಇಂಜಿನ್ ವೇಗಕ್ಕೆ ತಕ್ಕಂತೆ ವಾಲ್ವ್ ತೆರೆಯುವ ರೀತಿ ಬದಲಿಸುವ ಹೋಂಡಾದ ವ್ಯವಸ್ಥೆ. ನಾನು ಮೂರನೇ ಓನರ್. ಮೊದಲಿನ ಇಬ್ಬರೂ ಸುಮ್ನೆ ಕೂತವರಲ್ಲ. ಒಬ್ಬರು ಸಸ್ಪೆನ್ಷನ್ ಇಳಿಸಿದ್ದರು, ಇನ್ನೊಬ್ಬರು ಎಕ್ಸಾಸ್ಟ್ ಬದಲಿಸಿದ್ದರು. ಕಾರು ತಂದ ಮೊದಲ ತಿಂಗಳೇ ಮುಂದಿನ ಬ್ರೇಕ್ ಪ್ಯಾಡ್ ಸವೆದಿರುವುದು ಕಂಡಿತು. ಅಂಗಡಿಗೆ ಹೋಗಿ "ಸಿಟಿ ವಿಟೆಕ್, ಟೈಪ್ 2" ಅಂದೆ, ಪ್ಯಾಡ್ ಕೊಟ್ಟರು. ಕೂರಲಿಲ್ಲ. ವಾಪಸ್ ಕೊಟ್ಟು ಬೇರೆ ಕಂಪನಿಯದು ತಂದೆ. ಅದೂ ಕೂರಲಿಲ್ಲ. ಕೊನೆಗೆ ಮೆಕ್ಯಾನಿಕ್ ಕ್ಯಾಲಿಪರ್, ಅಂದರೆ ಪ್ಯಾಡ್ ಹಿಡಿದು ಡಿಸ್ಕಿಗೆ ಒತ್ತುವ ಭಾಗ, ಅದರ ಮೇಲಿನ ಕೊಳೆ ಒರೆಸಿ ನೋಡಿ, "ಸಾರ್, ಇದು ಈ ಕಾರಿನ ಕ್ಯಾಲಿಪರ್ರೇ ಅಲ್ಲ" ಅಂದ. ಹಿಂದಿನವರು ಯಾರೋ ದೊಡ್ಡ ಡಿಸ್ಕ್ ಹಾಕುವ ಹುಮ್ಮಸ್ಸಿನಲ್ಲಿ ಬೇರೆ ಹೋಂಡಾದ ಕ್ಯಾಲಿಪರ್ ತಂದು ಕೂರಿಸಿದ್ದರು. ಎರಡು ವಾರ ನಾನು ಸರಿಯಾದ ಅಂಗಡಿಯಲ್ಲಿ ನಿಂತು ತಪ್ಪು ಕಾರಿನ ಹೆಸರು ಹೇಳುತ್ತಿದ್ದೆ.

ಮಾಡಿಫೈ ಆದ ಕಾರಿನ ತೊಂದರೆ ಇದೇ. ಆರ್‌ಸಿಯಲ್ಲಿ ಒಂದು ಕಾರು, ಬಾನೆಟ್ ಕೆಳಗೆ ಇನ್ನೊಂದು. ಹಾಗಾಗಿ ಇಲ್ಲಿ ಅಂಗಡಿಗಳ ಮಾತು ಸ್ವಲ್ಪ ತಡವಾಗಿ ಬರುತ್ತದೆ. ಅದಕ್ಕೆ ಮುಂಚೆ ಕಾರಿನ ಕೆಳಗೆ ಮಲಗುವ ಕೆಲಸ ಇದೆ. ಉದಾಹರಣೆ ಪೂರ್ತಿ ಸಿಟಿಯದೇ. ಹಳೆ ಬಲೆನೊ, ಲ್ಯಾನ್ಸರ್ ಇಟ್ಟುಕೊಂಡವರಿಗೂ ದಾರಿ ಹೆಚ್ಚುಕಮ್ಮಿ ಇದೇ, ನಂಬರ್‌ಗಳು ಮಾತ್ರ ಬೇರೆ.

ಮೊದಲು ಕಾರಿನ ನೆಂಟರು ಯಾರು ಅಂತ ತಿಳಿದುಕೊಳ್ಳಿ

ಈ ಸಿಟಿ 1998ರಲ್ಲಿ ಗ್ರೇಟರ್ ನೋಯ್ಡಾದ ಕಾರ್ಖಾನೆಯಿಂದ ಹೊರಬಂತು. 2000ದಲ್ಲಿ ಮುಖ ಬದಲಾಯಿತು. ನಾವೆಲ್ಲ ಟೈಪ್ 2 ಅನ್ನುವುದು ಅದನ್ನೇ. ಅದರಲ್ಲಿ ಬಂದ ವಿಟೆಕ್ ಇಂಜಿನ್ 1493 ಸಿಸಿ, 106 ಕುದುರೆ ಶಕ್ತಿ. 2003ರಲ್ಲಿ ಬಂದ ಮುಂದಿನ ಸಿಟಿಗೆ ಬರೀ 77 ಕುದುರೆ. ಮೈಲೇಜ್ ಜಾಸ್ತಿ ಆಯಿತು, ಮಜಾ ಹೋಯಿತು. ಹಳೆ ವಿಟೆಕ್ ಹಿಡಿದುಕೊಂಡವರು ಅದನ್ನು ಇನ್ನೂ ಬಿಡದಿರುವುದಕ್ಕೆ ಬೇರೆ ಕಾರಣ ಬೇಕಿಲ್ಲ, ಅಲ್ವಾ?

ಈಗ ಮುಖ್ಯ ವಿಷಯ. ಈ ಸಿಟಿ ಜಪಾನಿನಲ್ಲಿ ಮಾರಾಟವಾದ ಕಾರಲ್ಲ. ಏಷ್ಯಾದ ಮಾರುಕಟ್ಟೆಗೆಂದೇ ಮಾಡಿದ ಇದು 1996ರಲ್ಲಿ ಮೊದಲು ಥಾಯ್ಲೆಂಡ್‌ನಲ್ಲಿ ಬಂತು. ನಮ್ಮ ಟೈಪ್ 2ರ ಅಣ್ಣನಿಗೆ ಅಲ್ಲಿ ಸಿಟಿ ಟೈಪ್ ಜೆಡ್ ಅಂತ ಹೆಸರು. ಆದರೆ ಇಂಜಿನ್ ಹೋಂಡಾದ ಡಿ ಸೀರೀಸ್, ತೊಂಬತ್ತರ ದಶಕದ ಸಿವಿಕ್‌ಗಳ ಮನೆತನ. ಅಂದರೆ ಈ ಕಾರಿಗೆ ಎರಡು ಕಡೆ ನೆಂಟಸ್ತಿಕೆ. ಲೈಟು, ಬಂಪರು, ಡೋರು ಬೇಕಾದರೆ ಥಾಯ್ಲೆಂಡ್, ಮಲೇಷ್ಯಾ ಕಡೆ ನೋಡಬೇಕು. ಇಂಜಿನ್ ಸಾಮಾನು ಬೇಕಾದರೆ ಸಿವಿಕ್ ಇರುವ ಕಡೆ, ಅಂದರೆ ಜಪಾನಿನಲ್ಲೂ ಹುಡುಕಬಹುದು. ಇದು ಗೊತ್ತಿಲ್ಲದೆ ಜಪಾನಿನ ಸೈಟಲ್ಲಿ ಸಿಟಿಯ ಹೆಡ್‌ಲೈಟ್ ಹುಡುಕುತ್ತಾ ರಾತ್ರಿ ಕಳೆದವರನ್ನು ನಾನು ನೋಡಿದ್ದೇನೆ. ಸರಿ, ನಾನೂ ಕಳೆದಿದ್ದೇನೆ.

ಹಂತ 1: ಕಾರಿನ ಜಾತಕ ಬರೆಯಿರಿ

ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. ಟಾರ್ಚ್, ವೈರ್ ಬ್ರಷ್, ಹಳೆ ಬನಿಯನ್ ಬಟ್ಟೆ, ಡಬ್ಲ್ಯೂಡಿ 40, ಅಳತೆಗೆ ಒಂದು ವರ್ನಿಯರ್, ಒಂದು ನೋಟ್ ಬುಕ್. ಫೋನ್ ಕ್ಯಾಮೆರಾ ಇದ್ದೇ ಇರುತ್ತದೆ.

ಮೊದಲು ಚಾಸಿ ನಂಬರ್ ಬರೆದುಕೊಳ್ಳಿ. ಭಾರತದ ಹೋಂಡಾ ಆದರೆ ಎಂಎಕೆ ಅಂತ ಶುರುವಾಗುತ್ತದೆ. ಆಮೇಲೆ ಬ್ಲಾಕ್ ಮೇಲೆ ಕೊರೆದ ಇಂಜಿನ್ ನಂಬರ್ ಆರ್‌ಸಿಗೆ ತಾಳೆ ಆಗುತ್ತದಾ ನೋಡಿ. ಆಗದಿದ್ದರೆ ಬಿಡಿಭಾಗ ಆಮೇಲೆ, ಮೊದಲು ಆರ್‌ಟಿಒ. ನಂತರ ಸಿಲಿಂಡರ್ ಹೆಡ್. ಎರಕದಲ್ಲೇ ಮೂಡಿದ ಚಿಕ್ಕ ಕೋಡ್ ಅದರ ಮೇಲೆ ಇರುತ್ತದೆ, ಬ್ರಷ್ ಹಾಕಿ ಉಜ್ಜಿದರೆ ಕಾಣುತ್ತದೆ. ವಿಟೆಕ್ ಅಂತ ಹಿಂದೆ ಸ್ಟಿಕ್ಕರ್ ಇದ್ದ ಮಾತ್ರಕ್ಕೆ ಒಳಗೆ ವಿಟೆಕ್ ಇರಬೇಕೆಂದಿಲ್ಲ. ಹೆಡ್ ಪಕ್ಕ ಬೋಲ್ಟ್ ಆಗಿರುವ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ಆಯಿಲ್ ವಾಲ್ವ್) ಕಂಡರೆ ಮಾತ್ರ ನಂಬಿ.

ಕೆಳಗೆ ಮಲಗಿದಾಗ ಕ್ಯಾಲಿಪರ್, ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್, ಡ್ರೈವ್ ಶಾಫ್ಟ್, ಎಲ್ಲದರ ಮೇಲಿನ ಅಕ್ಷರ, ಅಂಕಿ ಬರೆದುಕೊಳ್ಳಿ. ಡಿಸ್ಕಿನ ವ್ಯಾಸ, ದಪ್ಪ ಅಳೆಯಿರಿ. ಕೆಲವು ಬ್ರೇಕ್ ಮಾಸ್ಟರ್ ಸಿಲಿಂಡರ್ ಪಕ್ಕದಲ್ಲಿ 13/16 ಅಥವಾ 7/8 ಅಂತ ಮೂಡಿರುತ್ತದೆ. ಅದು ಒಳಗಿನ ವ್ಯಾಸ, ಇಂಚಿನಲ್ಲಿ. ಯಾವ ಭಾಗ ಕಂಪನಿಯದು, ಯಾವುದು ಹೊರಗಿನದು, ಯಾವುದು ಲೇತಲ್ಲಿ ಮಾಡಿಸಿದ್ದು ಅಂತ ಮೂರು ಗುರುತು ಹಾಕಿ. ಬ್ರಾಕೆಟ್ ಹೊಸದಾಗಿ ವೆಲ್ಡ್ ಆಗಿದ್ದ ಕಡೆ ದೊಡ್ಡದಾಗಿ ಸುತ್ತು ಹಾಕಿ. ಅಲ್ಲೇ ಮುಂದೆ ಜಗಳ ಆಗುವುದು.

ಹಂತ 2: ಹೆಸರು ಬಿಟ್ಟು ನಂಬರ್ ಹಿಡಿಯಿರಿ

ಕೌಂಟರ್‌ನಲ್ಲಿ ಹೆಸರು ಹೇಳಿದರೆ ವಾದ, ನಂಬರ್ ಹೇಳಿದರೆ ವ್ಯಾಪಾರ. ಹೋಂಡಾದ ನಂಬರ್ ಸಾಮಾನ್ಯವಾಗಿ ಮೂರು ತುಂಡು. ಮೊದಲ ಐದು ಅಂಕಿ ಅದು ಯಾವ ಜಾತಿಯ ಭಾಗ ಅನ್ನುತ್ತದೆ. ನಡುವಿನ ಮೂರು ಆ ಭಾಗ ಮೊದಲು ಯಾವ ಇಂಜಿನ್ ಅಥವಾ ಮಾಡೆಲ್‌ಗೆ ಹುಟ್ಟಿತು ಅನ್ನುತ್ತದೆ. ಕೊನೆಯ ಮೂರು ಬದಲಾವಣೆ, ತಯಾರಕರ ಗುರುತು. 15400 ಅಂತ ಶುರುವಾದರೆ ಆಯಿಲ್ ಫಿಲ್ಟರ್, ಯಾವ ಹೋಂಡಾ ಆದರೂ. ನಟ್, ವಾಷರ್ ಥರದ ಸಾಮಾನ್ಯ ಸಾಮಾನಿಗೆ ನಡುವಿನ ಕೋಡ್ ಇರುವುದಿಲ್ಲ. ಆಯಿಲ್ ಡ್ರೈನ್ ಬೋಲ್ಟಿನ ವಾಷರ್ 94109-14000. ಅದರಲ್ಲಿರುವ 14 ಅಂದರೆ 14 ಮಿಲಿಮೀಟರ್.

ಇದರ ಉಪಯೋಗ ನಡುವಿನ ಕೋಡಿನಲ್ಲಿದೆ. ನಿಮ್ಮ ವಾಟರ್ ಪಂಪಿನ ನಂಬರ್, ಯಾವುದೋ ಸಿವಿಕ್‌ನ ಪಂಪಿನ ನಂಬರ್ ಎರಡೂ ಪೂರ್ತಿ ಒಂದೇ ಆಗಿದ್ದರೆ ಕಣ್ಣು ಮುಚ್ಚಿ ತಗೊಳ್ಳಬಹುದು. ಕೊನೆಯ ಮೂರು ಮಾತ್ರ ಬೇರೆಯಾಗಿದ್ದರೆ ವಿಚಾರಿಸಿ ತಗೊಳ್ಳಿ. ನಡುವಿನದು ಬೇರೆಯಾಗಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ದುಡ್ಡು ಕೊಡಬೇಡಿ. ಟೊಯೋಟಾ ಕಾರಿನವರಿಗೆ ಎರಡೇ ತುಂಡು, ಐದು ಮತ್ತು ಐದು. ಅಲ್ಲೂ ಮೊದಲ ಐದು ಭಾಗದ ಜಾತಿಯೇ.

ಹಂತ 3: ಯಾವುದು ಹಳೆಯದು, ಯಾವುದು ಹೊಸದು

ನನ್ನ ನಿಯಮ ಸರಳ. ಮುರಿದರೆ ಕಾರು ನಿಲ್ಲುತ್ತದೆ ಅಷ್ಟೇ ಅನ್ನುವ ಭಾಗ ಗುಜರಿಯಲ್ಲಿ ಓಕೆ. ಮುರಿದರೆ ಕಾರು ನಿಲ್ಲುವುದಿಲ್ಲ ಅನ್ನುವ ಭಾಗ ಹೊಸದೇ. ಬ್ರೇಕ್ ಹೋಸ್, ವೀಲ್ ಸಿಲಿಂಡರ್, ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಸೀಟ್ ಬೆಲ್ಟ್ ಹಳೆಯದು ಬೇಡ. ಏರ್‌ಬ್ಯಾಗ್ ಅಂತೂ ಮುಟ್ಟಲೇಬೇಡಿ. ಟೈಮಿಂಗ್ ಬೆಲ್ಟ್ ಬ್ರೇಕಿನ ಭಾಗ ಅಲ್ಲದಿದ್ದರೂ ಈ ಪಟ್ಟಿಗೆ ಸೇರುತ್ತದೆ. ಡಿ ಸೀರೀಸ್‌ನಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತದೆ. ಬೆಲ್ಟ್ ಬಿಚ್ಚಿದಾಗಲೇ ಟೆನ್ಷನರ್, ವಾಟರ್ ಪಂಪ್, ಮುಂದಿನ ಆಯಿಲ್ ಸೀಲ್ ಎಲ್ಲ ಹೊಸದು ಹಾಕಿ ಮುಗಿಸಿ.

ಹೊಸದು ಅಂದ ಕೂಡಲೇ ಹೋಂಡಾ ಡಬ್ಬವೇ ಆಗಬೇಕೆಂದಿಲ್ಲ. ಕಾರು ಕಂಪನಿ ಎಲ್ಲವನ್ನೂ ತಾನೇ ಮಾಡುವುದಿಲ್ಲ. ಪ್ಲಗ್ ಎನ್‌ಜಿಕೆ ಅಥವಾ ಡೆನ್ಸೊ, ಬ್ರೇಕ್ ನಿಸಿನ್, ಶಾಕ್ ಶೋವಾ, ಬೇರಿಂಗ್ ಎನ್‌ಟಿಎನ್, ಕೋಯೊ, ಎನ್‌ಎಸ್‌ಕೆ. ಇಂಥ ಕಂಪನಿಗಳು ತಮ್ಮದೇ ಡಬ್ಬದಲ್ಲೂ ಮಾರುತ್ತವೆ. ಹಳೆ ಭಾಗದ ಮೇಲೆ ತಯಾರಕರ ಹೆಸರು ಓದಿ, ಅದೇ ಹೆಸರಿನ ಡಬ್ಬ ಕೇಳಿ. ಇವುಗಳ ಡೂಪ್ಲಿಕೇಟ್ ಕೂಡ ಬೇಕಾದಷ್ಟಿದೆ, ಅದರಲ್ಲೂ ಪ್ಲಗ್, ಫಿಲ್ಟರ್, ಬೇರಿಂಗ್. ಮುದ್ರಣ ಮಸುಕು, ಬಿಲ್ ಇಲ್ಲ, ಬೆಲೆ ಅರ್ಧ, ಈ ಮೂರರಲ್ಲಿ ಎರಡು ಕಂಡರೆ ವಾಪಸ್ ಇಡಿ.

ಪವರ್ ಹೆಚ್ಚಿಸುತ್ತೇವೆ ಅನ್ನುವ ಸಾಮಾನಿನ ಬಗ್ಗೆ ಒಂದು ಮಾತು. ಬಿಸಿ ಇಂಜಿನ್ ಪಕ್ಕದಲ್ಲಿ ತೆರೆದು ಕೂರಿಸಿದ ಕೋನ್ ಫಿಲ್ಟರ್ ಬಿಸಿ ಗಾಳಿಯನ್ನೇ ಕುಡಿಯುತ್ತದೆ. ಸದ್ದು ಚೆನ್ನಾಗಿರುತ್ತದೆ, ಒಪ್ಪುತ್ತೇನೆ. 4-2-1 ಹೆಡರ್, ಅಂದರೆ ಇಂಜಿನ್‌ನ ನಾಲ್ಕು ಎಕ್ಸಾಸ್ಟ್ ಪೈಪು ಎರಡಾಗಿ, ಆಮೇಲೆ ಒಂದಾಗಿ ಸೇರುವುದು, ತಗೊಳ್ಳುವಾಗ ಫ್ಲೇಂಜ್ ದಪ್ಪ ಇದೆಯಾ, ಗಾಜಿನ ಮೇಲೆ ಇಟ್ಟರೆ ಅಲ್ಲಾಡದೆ ಕೂರುತ್ತದಾ, ಆಕ್ಸಿಜನ್ ಸೆನ್ಸರ್ ಕೂರುವ 18 ಮಿಲಿಮೀಟರ್ ತೂತು ಸರಿಯಾದ ಜಾಗದಲ್ಲಿದೆಯಾ ನೋಡಿ. ಸಿವಿಕ್‌ಗೆ ಬರುವುದೆಲ್ಲ ಸಿಟಿಗೂ ಬರುತ್ತದೆ ಅನ್ನುವ ಮಾತನ್ನು ಇಂಜಿನ್ ಸಾಮಾನಿಗೆ ಅರ್ಧ ನಂಬಿ, ಸಸ್ಪೆನ್ಷನ್‌ಗೆ ನಂಬಲೇಬೇಡಿ.

ಹಂತ 4: ಗುಜರಿಗೆ ಹೋಗಿ

ಬೆಂಗಳೂರಿನಲ್ಲಿ ಹೊಸ ಸಾಮಾನಿಗೆ ಜೆಸಿ ರೋಡ್, ಹಳೆಯದಕ್ಕೆ ಶಿವಾಜಿನಗರ. ಊರಾಚೆ ಆದರೆ ಚೆನ್ನೈನ ಪುದುಪೇಟೆ, ಮುಂಬೈನ ಕುರ್ಲಾ, ದೆಹಲಿಯ ಮಾಯಾಪುರಿ. ದೆಹಲಿ ಸುತ್ತಮುತ್ತ 15 ವರ್ಷ ದಾಟಿದ ಪೆಟ್ರೋಲ್ ಕಾರಿಗೆ ವರ್ಷಗಟ್ಟಲೆ ನಿರ್ಬಂಧ ಇದ್ದದ್ದರಿಂದ ಆ ಕಡೆ ಹಳೆ ಸಿಟಿಗಳು ಜಾಸ್ತಿ ಬಿಚ್ಚಿಸಿಕೊಂಡಿವೆ. ಚಿಕ್ಕಮಗಳೂರು, ಕೊಯಮತ್ತೂರು ಕಡೆ ರ‍್ಯಾಲಿ, ರೇಸ್ ಹುಚ್ಚಿನವರ ಗ್ಯಾರೇಜುಗಳನ್ನೂ ವಿಚಾರಿಸಿ. ವಿಟೆಕ್ ಒಂದು ಕಾಲದಲ್ಲಿ ರೇಸಿಗೆ ಓಡಿದ ಕಾರು, ಅಟ್ಟದ ಮೇಲೆ ಏನಾದರೂ ಸಿಗಬಹುದು.

ಹೋಗುವ ರೀತಿ ಇದೆ. ವಾರದ ಮಧ್ಯೆ, ಬೆಳಿಗ್ಗೆ ಅಂಗಡಿ ತೆರೆದ ಮೇಲೆ, ಗಿರಾಕಿ ಕಡಿಮೆ ಇದ್ದಾಗ ಹೋಗಿ. ಹಳೆ ಭಾಗ ಕೈಯಲ್ಲಿರಲಿ. ಫೋಟೋ ಎರಡನೇ ದರ್ಜೆ, ಬಾಯಿಮಾತು ಮೂರನೆಯದು. "ಭಾಯ್, ಇದು ಇದೆಯಾ?" ಅಂತ ಮುಂದಿಟ್ಟರೆ ಅವರು ಒಂದು ಕ್ಷಣದಲ್ಲಿ ಇದೆ ಅಥವಾ ಪಕ್ಕದ ಗಲ್ಲಿಗೆ ಹೋಗಿ ಅನ್ನುತ್ತಾರೆ. ಅರ್ಜೆಂಟ್ ಇದೆ ಅಂತ ಮಾತ್ರ ಹೇಳಬೇಡಿ.

ನಾನು ಡಿಸ್ಟ್ರಿಬ್ಯೂಟರ್, ಅಂದರೆ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ, ತಂದ ಕತೆ ಹೇಳುತ್ತೇನೆ. ಕಾರು ತಣ್ಣಗಿದ್ದಾಗ ಚೆನ್ನಾಗಿತ್ತು. ಬಿಸಿ ಆದ ಮೇಲೆ ತುಮಕೂರು ರೋಡಲ್ಲಿ ಸುಮ್ನೆ ಆಫ್ ಆಯಿತು. ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ಹೋಂಡಾದ ಈ ಕಾಲದ ಇಂಜಿನ್‌ಗೆ ಇದು ಹಳೆ ಕಾಯಿಲೆ. ಕಾಯಿಲ್, ಇಗ್ನೈಟರ್ ಎರಡೂ ಡಿಸ್ಟ್ರಿಬ್ಯೂಟರ್ ಒಳಗೇ ಕೂತು ಬೇಯುತ್ತವೆ. ಶಿವಾಜಿನಗರದ ಗಲ್ಲಿಯಲ್ಲಿ ಒಬ್ಬರು ಗೋಣಿಚೀಲದಿಂದ ಮೂರು ತೆಗೆದು ಸ್ಟೂಲಿನ ಮೇಲಿಟ್ಟರು.

ಮೊದಲನೆಯದರ ಕ್ಯಾಪ್ ಬಿಚ್ಚಿದೆ. ಒಳಗೆಲ್ಲ ಕೆಂಪು ಪುಡಿ, ಇಟ್ಟಿಗೆ ಉಜ್ಜಿದ ಹಾಗೆ. ಬೇರಿಂಗ್ ತಿಂದುಹೋಗಿದೆ ಅಂತ ಅರ್ಥ, ಪಕ್ಕಕ್ಕಿಟ್ಟೆ. ಎರಡನೆಯದು ಒಳಗೆ ಚೊಕ್ಕ. ಶಾಫ್ಟ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿದೆ, ಕಟ್ ಕಟ್ ಅಂತು. ಅದೂ ಬೇಡ. ಮೂರನೆಯದರ ಶಾಫ್ಟ್ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು, ಆಡಲಿಲ್ಲ. ಕೆಳಗಿನ ನಾಲಿಗೆಯ ಜೋಡಣೆ ನನ್ನದರಂತೆಯೇ ಒಂದು ಕಡೆಗೆ ಸರಿದಿತ್ತು. ಕನೆಕ್ಟರ್ ಪಿನ್ ಎಣಿಸಿದೆ, ಸರಿ ಇತ್ತು. ವೈರಿನ ಬಣ್ಣ ನೋಡಿದೆ, ಸರಿ ಇತ್ತು. ಒಂದು ಕಿವಿ ಮಾತ್ರ, ಬೋಲ್ಟ್ ಹಾಕುವಲ್ಲಿ, ಬಿರುಕು ಬಿಟ್ಟಿತ್ತು. ಉಗುರಿನಲ್ಲಿ ಗೀರಿದಾಗ ಗೊತ್ತಾಯಿತು, ಕಣ್ಣಿಗೆ ಗ್ರೀಸ್ ಗೆರೆ ಥರ ಕಂಡಿತ್ತು. ಕೊನೆಗೆ ಎರಡನೆಯದರ ಹೌಸಿಂಗ್, ಮೂರನೆಯದರ ಶಾಫ್ಟ್ ಮತ್ತು ಬೇರಿಂಗ್ ಸೇರಿಸಿ ಒಂದು ಮಾಡಿಕೊಟ್ಟರು. ನಾಲ್ಕು ಸಾವಿರ ಹೇಳಿದರು, ಎರಡೂವರೆಗೆ ಮುಗಿಯಿತು. ಇಗ್ನೈಟರ್ ಮಾತ್ರ ಜೆಸಿ ರೋಡಿನಲ್ಲಿ ಹೊಸದು ತಂದೆ, ಓ ರಿಂಗ್ ಕೂಡ.

ಹಂತ 5: ಬೇರೆ ಭಾಗಗಳನ್ನು ಕೈಯಲ್ಲಿ ಹಿಡಿದಾಗ

ಸಿಲಿಂಡರ್ ಹೆಡ್ ತಗೊಳ್ಳುವುದಾದರೆ ಸ್ಟೀಲ್ ಸ್ಕೇಲ್, ಸಂದು ಅಳೆಯುವ ತೆಳು ಬ್ಲೇಡುಗಳ ಫೀಲರ್ ಗೇಜ್ ಜೇಬಲ್ಲಿರಲಿ. ಸ್ಕೇಲನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿ. 0.05 ಮಿಲಿಮೀಟರ್ ಬ್ಲೇಡ್ ತೂರದಿದ್ದರೆ ಹಾಗೇ ಹಾಕಬಹುದು. ಅದಕ್ಕಿಂತ ಜಾಸ್ತಿ, 0.2ರ ಒಳಗೆ ಇದ್ದರೆ ಫೇಸಿಂಗ್, ಅಂದರೆ ಮಿಷಿನ್‌ನಲ್ಲಿ ಉಜ್ಜಿಸಿ ಸಮತಟ್ಟು, ಮಾಡಿಸಬೇಕು. ಅದನ್ನೂ ದಾಟಿದ್ದರೆ ಬಿಟ್ಟುಬಿಡಿ. ಯಾರೋ ಈಗಾಗಲೇ ಫೇಸಿಂಗ್ ಮಾಡಿಸಿದ್ದರೆ ಮಿಷಿನ್ ಗೆರೆ ಹೊಸದಾಗಿ ಹೊಳೆಯುತ್ತದೆ, ಯಾಕೆ ಮಾಡಿಸಿದರು ಅಂತ ಕೇಳಿ. ವಿಟೆಕ್ ಸೊಲೆನಾಯ್ಡ್ ಕೆಳಗೆ ಜಾಲರಿ ಇರುವ ಗ್ಯಾಸ್ಕೆಟ್ ಇದೆ. ಅದು ಕೆಸರಿನಿಂದ ಮುಚ್ಚಿದ್ದರೆ ಆ ಇಂಜಿನ್‌ಗೆ ಆಯಿಲ್ ಬದಲಿಸಿಲ್ಲ ಅಂತಲೇ ಲೆಕ್ಕ.

ಗೇರ್‌ಬಾಕ್ಸ್‌ನ ಡ್ರೈನ್ ಬೋಲ್ಟ್ ಬಿಚ್ಚಲು ಕೇಳಿ. ತುದಿಯ ಆಯಸ್ಕಾಂತದಲ್ಲಿ ಬೂದಿಯಂಥ ನಯವಾದ ಪೇಸ್ಟ್ ಇದ್ದರೆ ಸಹಜ. ಉಗುರಿನಷ್ಟು ಚೂರು ಸಿಕ್ಕರೆ ಒಳಗೆ ಹಲ್ಲು ಉದುರಿದೆ. ಆಲ್ಟರ್ನೇಟರ್ ಆದರೆ ಹತ್ತಿರದ ಆಟೋ ಎಲೆಕ್ಟ್ರಿಷಿಯನ್ ಬೆಂಚಲ್ಲಿ ಓಡಿಸಿ ನೋಡಿ ದುಡ್ಡು ಕೊಡಿ. ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಬೇಕಾದರೆ, ಅದರಲ್ಲೂ ಸರಿಯಾದ ಕೀ ಇಲ್ಲದೆ ಸ್ಟಾರ್ಟ್ ಆಗಲು ಬಿಡದ ಇಮೊಬಿಲೈಸರ್ ಬಂದ ಹೊಸ ಕಾರಿನದಾದರೆ, ಕೀ ಮತ್ತು ಇಮೊಬಿಲೈಸರ್ ಡಬ್ಬ ಜೊತೆಗೇ ಬರಬೇಕು. ಬರೀ ಇಸಿಯು ತಂದವರು ಪೇಪರ್ ವೇಟ್ ತಂದಂತೆ. ಶಾಕ್ ಅಬ್ಸಾರ್ಬರ್ ಹಳೆಯದು ತರಬೇಡಿ, ಅದಕ್ಕೆ ಪರೀಕ್ಷೆಯೂ ಬೇಡ.

ಹಂತ 6: ಅಲಾಯ್ ವೀಲ್

ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಸಿಟಿಯ ಪಿಸಿಡಿ 4x100. ಅಂದರೆ ನಾಲ್ಕು ಬೋಲ್ಟ್, 100 ಮಿಲಿಮೀಟರ್ ವೃತ್ತದಲ್ಲಿ. ಸ್ವಿಫ್ಟ್‌ನದೂ 4x100. ಹಾಗಾದರೆ ಸ್ವಿಫ್ಟ್ ಅಲಾಯ್ ಸಿಟಿಗೆ ಬರಬೇಕಲ್ವಾ? ಬರುವುದಿಲ್ಲ. ಹೋಂಡಾದಲ್ಲಿ ವೀಲ್ ಕೂರುವ ಹಬ್‌ನ ನಡುವಿನ ಗುಬುಟು 56.1 ಮಿಲಿಮೀಟರ್, ಸ್ವಿಫ್ಟ್ ವೀಲಿನ ನಡುತೂತು 54.1. ಬೋಲ್ಟ್ ನೇರ ಬರುತ್ತದೆ, ವೀಲ್ ಒಳಗೆ ಹೋಗುವುದಿಲ್ಲ. ಲೇತಲ್ಲಿ ಕೊರೆಸುವುದಾದರೆ ಸರಿಯಾದ ನಡುವಿಗೆ ಕೊರೆಯಬಲ್ಲವರೇ ಬೇಕು. ಹೊರಗಿನ ಕಂಪನಿಯ ಅಲಾಯ್‌ಗಳಲ್ಲಿ ತೂತು ಬಹಳ ಸಲ 73.1 ಇರುತ್ತದೆ, ಅದಕ್ಕೆ 56.1ರ ಹಬ್ ರಿಂಗ್ ಹಾಕದಿದ್ದರೆ 80ರ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ.

ಆಮೇಲೆ ನಟ್. ಹೋಂಡಾದ ಥ್ರೆಡ್ 12x1.5, ಸುಜುಕಿಯದು 12x1.25. ಒಂದರದ್ದು ಇನ್ನೊಂದಕ್ಕೆ ಎರಡು ಸುತ್ತು ಹೋಗಿ ಹಿಡಿಯುತ್ತದೆ. ವೀಲ್ ಪಾನಾ ಮೇಲೆ ಕಾಲಿಟ್ಟು ಒತ್ತಿದರೆ ಸ್ಟಡ್ ಹಾಳು. ಇನ್ನೂ ಒಂದು ಇದೆ. ಹೋಂಡಾದ ಒರಿಜಿನಲ್ ವೀಲ್‌ಗೆ ಬರುವ ನಟ್‌ನ ತುದಿ ಗೋಲಿಯಂತೆ ಗುಂಡಗೆ. ಹೊರಗಿನ ಅಲಾಯ್‌ಗೆ ಬೇಕಾಗಿರುವುದು ಸಾಮಾನ್ಯವಾಗಿ ಮೊನಚಾದ, 60 ಡಿಗ್ರಿಯ ನಟ್. ಗುಂಡು ನಟ್ಟನ್ನು ಮೊನಚು ಗುಂಡಿಗೆ ಹಾಕಿದರೆ ಟೈಟ್ ಆದಂತೆ ಅನಿಸುತ್ತದೆ, ನೂರು ಕಿಲೋಮೀಟರ್ ಆದ ಮೇಲೆ ಸಡಿಲ. ನಟ್ಟಿಗೆ ಬಣ್ಣ ಹಚ್ಚಿ, ವೀಲಿಗೆ ಒಮ್ಮೆ ಕೂರಿಸಿ ತೆಗೆದು ನೋಡಿ. ಬಣ್ಣ ಸುತ್ತಲೂ ಹತ್ತಿದ್ದರೆ ಸರಿ.

ಹಳೆ ಟೈರ್ ಜೊತೆಗೇ ಬಂದರೆ ಪಕ್ಕದ ನಾಲ್ಕಂಕಿ ಓದಿ. 2319 ಅಂದರೆ 2019ರ 23ನೇ ವಾರ. ಟೈರಿನ ಬಟನ್ ಎಷ್ಟೇ ದಪ್ಪ ಇರಲಿ, ಅಷ್ಟು ಹಳೆ ರಬ್ಬರ್ ಮಳೆಯಲ್ಲಿ ಹಿಡಿಯುವುದಿಲ್ಲ.

ಹಂತ 7: ಹೊರದೇಶದಿಂದ

ಜಪಾನಿನಲ್ಲಿ ಯಾಹೂ ಆಕ್ಷನ್ ಇದೆ, ಅಪ್ ಗ್ಯಾರೇಜ್ ಅನ್ನುವ ಹಳೆ ಬಿಡಿಭಾಗದ ದೊಡ್ಡ ಅಂಗಡಿ ಸರಣಿ ಇದೆ. ಎಷ್ಟೋ ಮಾರಾಟಗಾರರು ನೇರವಾಗಿ ಹೊರದೇಶಕ್ಕೆ ಕಳಿಸುವುದಿಲ್ಲ, ಅಲ್ಲೇ ಕೊಂಡು ಕಳಿಸುವ ಮಧ್ಯವರ್ತಿ ಸೇವೆಗಳ ಮೂಲಕ ತರಿಸಬೇಕು. ಹುಡುಕುವಾಗ ಭಾಗದ ನಂಬರ್ ಹಾಕಿ, ಅಂಕಿಗೆ ಭಾಷೆ ಇಲ್ಲ. ವಿವರಣೆಯಲ್ಲಿ ಮೂರು ಜಪಾನೀ ಪದ ಗುರುತಿಟ್ಟುಕೊಳ್ಳಿ. ಜುನ್‌ಸೇ ಅಂದರೆ ಕಂಪನಿ ಒರಿಜಿನಲ್. ಶಗೈಹಿನ್ ಅಂದರೆ ಹೊರಗಿನದು. ಜಂಕ್ ಅಂತ ಬರೆದಿದ್ದರೆ ಕೆಲಸ ಮಾಡುವ ಗ್ಯಾರಂಟಿ ಇಲ್ಲ, ವಾಪಸ್ ತಗೊಳ್ಳುವುದೂ ಇಲ್ಲ. ಅಲ್ಲಿನವರು ಗೀರನ್ನೂ ಬಿಡದೆ ಫೋಟೋ ಹಾಕುವುದರಿಂದ ಫೋಟೋಗಳನ್ನು ನಂಬಬಹುದು.

ಆದರೆ ಬಳಸಿದ ಸಾಮಾನನ್ನು ಭಾರತಕ್ಕೆ ತರಿಸುವುದಕ್ಕೆ ಕೇಂದ್ರದ ವಿದೇಶ ವ್ಯಾಪಾರ ಇಲಾಖೆಯಾದ ಡಿಜಿಎಫ್‌ಟಿಯ ಲೈಸೆನ್ಸ್ ಬೇಕು. ಮಲೇಷ್ಯಾದಲ್ಲಿ ಅಗ್ಗಕ್ಕೆ ಸಿಗುವ ಹಾಫ್ ಕಟ್, ಅಂದರೆ ಕಾರಿನ ಮುಂದಿನ ಅರ್ಧ, ನೋಡಿ ಬಾಯಲ್ಲಿ ನೀರು ಬರುತ್ತದೆ. ಅದನ್ನು ಬಂದರಿನಲ್ಲಿ ಬಿಡಿಸಿಕೊಳ್ಳುವುದು ಬೇರೆ ಮಾತು. ಹಾಗಾಗಿ ನಾನು ಹೊರಗಿನಿಂದ ತರಿಸುವುದು ಹೊಸ ಭಾಗ ಮಾತ್ರ. ಗ್ಯಾಸ್ಕೆಟ್ ಸೆಟ್, ಸೆನ್ಸರ್, ರಬ್ಬರ್ ಬುಷ್ ಥರದ್ದು. ಸಾಗಣೆ, ಕಸ್ಟಮ್ಸ್, ತೆರಿಗೆ ಮೂರನ್ನೂ ಸೇರಿಸಿಯೇ ಬೆಲೆ ಹೋಲಿಸಿ. ನಮ್ಮ ಭಾವ ಶಾರ್ಜಾದಲ್ಲಿದ್ದಾರೆ. ಅಲ್ಲಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಜಪಾನೀ ಸಾಮಾನಿನ ಸಾಲುಸಾಲು ಅಂಗಡಿ. ಕಳೆದ ಸಲ ಬರುವಾಗ ಒಂದು ಹೊಸ ವಾಲ್ವ್ ಕವರ್ ಗ್ಯಾಸ್ಕೆಟ್ ತಂದರು. ಅಕ್ಕ ಕೇಳಿದ್ದ ಖರ್ಜೂರ ಮರೆತಿದ್ದರು, ಆ ವಿಷಯ ಇಲ್ಲಿ ಬೇಡ.

ಹಂತ 8: ದುಡ್ಡು, ಬಿಲ್, ಪಾರ್ಸೆಲ್

ಬೇರೆ ಊರಿನವರಿಂದ ತಗೊಳ್ಳುವಾಗ ಆ ದಿನದ ತಾರೀಖು ಬರೆದ ಚೀಟಿ ಪಕ್ಕದಲ್ಲಿಟ್ಟು ವಿಡಿಯೋ ಮಾಡಿ ಕಳಿಸಿ ಅನ್ನಿ. ನಂಬರ್ ಇರುವ ಜಾಗ ಹತ್ತಿರದಿಂದ ತೋರಿಸಲಿ. ನಾನು ಒಮ್ಮೆ ಇದನ್ನು ಕೇಳದೆ ಅಡ್ವಾನ್ಸ್ ಹಾಕಿದೆ. ಬಲಗಡೆಯ ಹೆಡ್‌ಲೈಟ್ ಬದಲು ಎಡಗಡೆಯದು ಬಂತು, ಫೋನ್ ಎತ್ತುವುದು ನಿಂತಿತು. ಭಾರದ ಸಾಮಾನಾದರೆ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ ಅಥವಾ ಲಾರಿ ಪಾರ್ಸೆಲ್. ಗೇರ್‌ಬಾಕ್ಸ್, ಇಂಜಿನ್‌ನಿಂದ ಆಯಿಲ್ ಪೂರ್ತಿ ಇಳಿಸಿ, ತೂತುಗಳಿಗೆ ಬಟ್ಟೆ ತುರುಕಿ, ಹಳೆ ಟೈರಿನ ಮೇಲೆ ಕಟ್ಟಿಸಿ.

ಬಿಲ್ ಕೇಳಿ, ಕೈಬರಹದ್ದಾದರೂ ಸರಿ. ಇಂಜಿನ್ ತಗೊಂಡರೆ ಅದು ಯಾವ ಕಾರಿನದು ಅನ್ನುವ ದಾಖಲೆ ಸಮೇತ. ಕದ್ದ ಮಾಲು ಅಂತ ಗೊತ್ತಿದ್ದೂ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿ ಅಪರಾಧ. ಗೊತ್ತಿರಲಿಲ್ಲ ಅಂತ ಹೇಳಲು ಒಂದು ಕಾಗದ ಬೇಕು. ಹೊಸ ಬಿಡಿಭಾಗಕ್ಕೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 18 ಶೇಕಡಾ. ಇನ್ನೂ 28 ಅನ್ನುವ ಅಂಗಡಿಯವರಿಗೆ ಮೆಲ್ಲಗೆ ನೆನಪಿಸಿ.

ಕಾನೂನಿನ ಇನ್ನೊಂದು ತುದಿ ಮಾಡಿಫಿಕೇಷನ್ನೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವಂತೆ ಕಾರನ್ನು ಮಾರ್ಪಡಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಅಕ್ರಮ ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿತು. ಇಂಜಿನ್ ಬದಲಿಸುವುದಾದರೆ ಮೊದಲು ಆರ್‌ಟಿಒ ಅನುಮತಿ, ಆಮೇಲೆ ಇಂಜಿನ್. ಗುಡುಗುವ ಸೈಲೆನ್ಸರ್ ಬಗ್ಗೆ ನಾನು ಹೇಳುವುದು ಬೇಡ, ನಿಮ್ಮ ಬೀದಿಯ ಅಜ್ಜಿಯೇ ಹೇಳುತ್ತಾರೆ.

ಹೊಸ ಭಾಗ ಹಾಕಿದ ದಿನ ಹಳೆಯದನ್ನು ಗ್ಯಾರೇಜಲ್ಲೇ ಬಿಟ್ಟು ಬರಬೇಡಿ. ಒರೆಸಿ, ಕವರಿಗೆ ಹಾಕಿ, ನಂಬರ್, ತಾರೀಖು, ಓಡಿದ ಕಿಲೋಮೀಟರ್, ಯಾಕೆ ತೆಗೆದಿರಿ ಅಂತ ಚೀಟಿ ಅಂಟಿಸಿ. ನಮ್ಮ ಮನೆಯಲ್ಲಿ ಅಂಥ ಎರಡು ರಟ್ಟಿನ ಡಬ್ಬ ಮಂಚದ ಕೆಳಗಿವೆ. ಹೋದ ತಿಂಗಳು ಹಾಸನದ ಒಬ್ಬ ಹುಡುಗ ತನ್ನ ವಿಟೆಕ್‌ಗೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ಹುಡುಕುತ್ತಿದ್ದ. ಡಬ್ಬ ಎಳೆದು, ಧೂಳು ಊದಿ, ಚೀಟಿ ಓದಿ, ಫೋನಲ್ಲೇ ಅವನಿಗೆ ಕೇಳಿದೆ: "ನಿನ್ನ ಕಾರಿನ ಮೇಲೆ ಇರುವ ನಂಬರ್ ಓದಪ್ಪ ಮೊದಲು."